ಆಟಿಯಲ್ಲಿ ಬರುವ ನಾಯಕ: ಕರಾವಳಿಯ ಅತಿಮಾನುಷ ಪ್ರಣಯ ಸರಣಿಗೆ ಪಾತ್ರ ಕಟ್ಟುವ ಬಗ್ಗೆ

ದಕ್ಕೆಬದಿ, ಮಲ್ಪೆ – ಭಾನುವಾರ, ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ನಾಲ್ಕು ಕಾದಂಬರಿಗಳ ಒಂದು ಪ್ಯಾರಾನಾರ್ಮಲ್ ರೊಮ್ಯಾನ್ಸ್ ಸರಣಿಯನ್ನು ಬರೆಯಲು ಹೊರಟಿದ್ದೇನೆ. ಮೊದಲನೆಯದರ ಇಪ್ಪತ್ತೆರಡು ಅಧ್ಯಾಯಗಳು ಮುಗಿದಿವೆ. ನಾಯಕನು ನೂರೈವತ್ತು ವರ್ಷಗಳ ಹಿಂದೆ ಸತ್ತು, ಮಂಗಳೂರಿನ ಜೆಪ್ಪು ಕಡೆಯ ಪಾಳುಬಿದ್ದ ಹಂಚಿನ ಕಾರ್ಖಾನೆಯೊಂದರಲ್ಲಿ ಉಳಿದುಕೊಂಡವನು. ಬಾಸೆಲ್ ಮಿಶನ್ನಿನವರು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದ್ದು 1865ರಲ್ಲಿ ಆದ್ದರಿಂದ ಆ ಕಾಲವನ್ನು ಆರಿಸಿಕೊಂಡೆ. ಅವನಿಗೆ ವಯಸ್ಸಾಗುವುದಿಲ್ಲ, ಗೋಡೆ ಅಡ್ಡ ಬರುವುದಿಲ್ಲ, ಎದುರಿನವರ ಮನಸ್ಸನ್ನು ಅವನು ಓದಬಲ್ಲ. ನಾಯಕಿಗೆ ಇಪ್ಪತ್ತನಾಲ್ಕು ವರ್ಷ. ಮಳೆ ಬಂತೆಂದು ಕಾರ್ಖಾನೆಯ ಮಾಡಿನಡಿ ನಿಲ್ಲುವಾಗ ಅವನನ್ನು ಕಾಣುತ್ತಾಳೆ.

ಹಸ್ತಪ್ರತಿ ಓದಿದ ಗೆಳತಿ ಹೇಳಿದ ಮಾತು ಮೂರು ದಿನಗಳಿಂದ ಕೊರೆಯುತ್ತಿದೆ. “ನಿನ್ನ ನಾಯಕನನ್ನು ಎತ್ತಿಕೊಂಡು ಹೋಗಿ ಲಂಡನ್ನಿನಲ್ಲಿ ನಿಲ್ಲಿಸಿದರೂ ಒಂದು ವಾಕ್ಯ ಬದಲಾಯಿಸಬೇಕಾಗಿಲ್ಲ. ನಾಯಕಿಗಂತೂ ಹೆದರುವುದು, ನಾಚುವುದು ಬಿಟ್ಟರೆ ಬೇರೆ ಕೆಲಸವೇ ಇಲ್ಲ” ಎಂದಳು. ಸಿಟ್ಟು ಬಂದರೂ ಅದು ನಿಜವೆಂದು ಗೊತ್ತಾಯಿತು. ಇಂತಹ ಪಾತ್ರಗಳನ್ನು ಎಲ್ಲಿಂದ ಕಟ್ಟಲು ಆರಂಭಿಸಬೇಕು? ನಾಲ್ಕು ಭಾಗಗಳಿಗೂ ಒಂದೇ ಜೋಡಿ ಸಾಕೇ ಅಥವಾ ಪ್ರತಿ ಭಾಗಕ್ಕೂ ಹೊಸ ಜೋಡಿ ಬೇಕೇ? ಎರಡನೆಯ ಭಾಗದಲ್ಲಿ ನಾಯಕನನ್ನು ತುಳುನಾಡಿನಲ್ಲಿ ಆರಾಧಿಸುವ ದೈವದ ಅಂಶದವನೆಂದು ತೋರಿಸುವ ಆಲೋಚನೆಯೂ ಇದೆ, ಅದು ಸರಿಯೇ? ದಯವಿಟ್ಟು ಮುಲಾಜಿಲ್ಲದೆ ಹೇಳಿ.


ಕರಡು ತಿದ್ದುವ ಅಜ್ಜ, ಮಣಿಪಾಲ – ಭಾನುವಾರ, ರಾತ್ರಿ 11.05

ವಾರಪತ್ರಿಕೆಗಳ ಧಾರಾವಾಹಿಗಳ ಕರಡು ತಿದ್ದುತ್ತಾ ತಲೆ ನರೆದವನು ನಾನು, ಪ್ರೇಮಕಥೆ ಬರೆದವನಲ್ಲ. ಆದರೆ ಎಲ್ಲಿ ಓದುಗರು ಕೈಬಿಡುತ್ತಾರೆಂಬುದು ಸ್ವಲ್ಪ ಗೊತ್ತು.

ಮೊದಲು ಪ್ರಕಾರದ ವಿಷಯ. ಅಮೆರಿಕದ ರೊಮ್ಯಾನ್ಸ್ ಲೇಖಕರ ಸಂಘವು ರೊಮ್ಯಾನ್ಸಿಗೆ ಹೇಳುತ್ತಿದ್ದ ಲಕ್ಷಣಗಳು ಎರಡೇ: ಪ್ರೇಮವೇ ಕಥೆಯ ನಡುಗಂಬವಾಗಿರಬೇಕು, ಕೊನೆಯು ತೃಪ್ತಿಯನ್ನೂ ಭರವಸೆಯನ್ನೂ ಕೊಡಬೇಕು. ನಮ್ಮ ಮೋಹಿನಿ ಕಥೆಗಳಲ್ಲಿ ಮೊದಲನೆಯದು ಅರ್ಧ ಇದ್ದೀತು, ಎರಡನೆಯದು ಇಲ್ಲವೇ ಇಲ್ಲ. ಅಲ್ಲಿ ಪ್ರೀತಿಸಿದವಳಿಗೆ ಕೊನೆಗೆ ಮೊಳೆ ಹೊಡೆದು ಮರದಲ್ಲಿ ಕೂರಿಸುತ್ತಾರೆ. ನೀವು ಬರೆಯುತ್ತಿರುವುದು ಹೆದರಿಸುವ ಕಥೆಯಲ್ಲ ಎಂಬುದನ್ನು ಮೊದಲ ಅಧ್ಯಾಯದಲ್ಲೇ ಓದುಗರಿಗೆ ತಿಳಿಸಬೇಕಾಗುತ್ತದೆ. ನಾನು ಒಂದು ಪರೀಕ್ಷೆ ಇಟ್ಟುಕೊಂಡಿದ್ದೇನೆ. ಪ್ರೇಮವನ್ನು ತೆಗೆದರೆ ಕಥೆ ಬೀಳಬೇಕು, ಅತಿಮಾನುಷವನ್ನು ತೆಗೆದರೂ ಬೀಳಬೇಕು. ನಿಮ್ಮ ನಾಯಕನ ಬದಲು ಅದೇ ಕಾರ್ಖಾನೆಯಲ್ಲಿ ಒಬ್ಬ ಒರಟು ಕಾವಲುಗಾರನಿದ್ದರೂ ಕಥೆ ನಡೆಯುವುದಾದರೆ ಅವನು ಸತ್ತದ್ದು ದಂಡ.

ಇನ್ನು ಪಾತ್ರ. ನೀವು ಅವನ ಶಕ್ತಿಗಳನ್ನು ಹೇಳಿದಿರಿ, ಅಡ್ಡಿಗಳನ್ನು ಹೇಳಲಿಲ್ಲ. 1897ರಲ್ಲಿ ಬಂದ ಬ್ರಾಮ್ ಸ್ಟೋಕರರ ‘ಡ್ರಾಕುಲಾ’ದ ಕೌಂಟನನ್ನೇ ನೋಡಿ. ಮನೆಯವರಲ್ಲಿ ಒಬ್ಬರು ಕರೆಯದೆ ಅವನು ಮೊದಲ ಸಲ ಹೊಸ್ತಿಲು ದಾಟಲಾರ. ಹರಿಯುವ ನೀರನ್ನು ಭರತ ಏರುವಾಗಲೋ ನೀರು ನಿಶ್ಚಲವಾಗಿರುವಾಗಲೋ ಮಾತ್ರ ದಾಟಬಲ್ಲ. ಹುಟ್ಟೂರಿನ ಮಣ್ಣು ತುಂಬಿದ ಪೆಟ್ಟಿಗೆಯಿಲ್ಲದೆ ಅವನಿಗೆ ವಿಶ್ರಾಂತಿಯಿಲ್ಲ. ಬಿಸಿಲಿಗೆ ಅವನು ಸಾಯುತ್ತಾನೆಂದು ಎಲ್ಲರೂ ನಂಬಿದ್ದಾರೆ, ಆದರೆ ಆ ಕಾದಂಬರಿಯಲ್ಲಿ ಅವನು ಹಗಲಿನಲ್ಲಿ ನಡೆದಾಡುತ್ತಾನೆ, ಬಲ ಮಾತ್ರ ಕುಂದಿರುತ್ತದೆ. ಬೆಳಕಿಗೆ ಕರಗುವ ಗುಣ ಸೇರಿದ್ದು 1922ರ ಜರ್ಮನ್ ಮೂಕಚಿತ್ರದಿಂದ. ನನಗೆ ಮುಖ್ಯವಾಗಿ ಕಾಣುವುದೇನೆಂದರೆ, ಆ ಅಡ್ಡಿಗಳೆಲ್ಲ ಮನೆ, ಮಣ್ಣು, ನೀರುಗಳಿಂದ ಹುಟ್ಟಿದವು. ಭರತ ಇಳಿತವನ್ನು ಮಲ್ಪೆಯಲ್ಲಿ ಕುಳಿತ ನಿಮಗೆ ಯಾರೂ ಕಲಿಸಬೇಕಾಗಿಲ್ಲ, ಆದರೂ ನಿಮ್ಮ ನಾಯಕನಿಗೆ ಅದರ ಅರಿವೇ ಇಲ್ಲ.

ಮನಸ್ಸು ಓದುವ ಶಕ್ತಿಯನ್ನು ದಯವಿಟ್ಟು ಈ ರಾತ್ರಿಯೇ ತೆಗೆದುಹಾಕಿ. ಅದಿದ್ದರೆ ಇಬ್ಬರ ನಡುವೆ ಮಾತಿಗೆ ಕೆಲಸವಿಲ್ಲ, ಮಾತಿಲ್ಲದ ಪ್ರೇಮಕಥೆಯಲ್ಲಿ ಕರಡು ತಿದ್ದುವವನಿಗೂ ಕೆಲಸವಿಲ್ಲ.


ಬೆಳ್ಮಣ್ಣಿನವ – ಸೋಮವಾರ, ಬೆಳಿಗ್ಗೆ 7.15

ದೈವದ ಅಂಶದ ನಾಯಕ ಎಂಬುದನ್ನು ಓದಿ ಬರೆಯುತ್ತಿದ್ದೇನೆ. ನಮ್ಮ ಮನೆಯ ಚಾವಡಿಯಲ್ಲಿ ದೈವದ ಮಂಚವಿದೆ, ವರ್ಷಕ್ಕೊಮ್ಮೆ ನೇಮ, ಎಂದರೆ ದೈವಾರಾಧನೆಯ ಉತ್ಸವ, ನಡೆಯುತ್ತದೆ. ಆದ್ದರಿಂದ ನಾನು ತಟಸ್ಥನೆಂದು ಹೇಳಿಕೊಳ್ಳುವುದಿಲ್ಲ.

ಬರೆಯಬಾರದೆಂದು ಹೇಳುವ ಹಕ್ಕು ನನಗಿಲ್ಲ. ಆದರೆ ಅದು ಕಥೆಯಾಗಿಯೂ ನಿಲ್ಲುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ದೈವಕ್ಕೂ ಊರಿಗೂ ಇರುವುದು ನ್ಯಾಯದ, ಮಾತು ಕೊಟ್ಟು ಮಾತು ಪಡೆಯುವ ಸಂಬಂಧ. ಕಲ್ಕುಡ ದೈವದ ಪಾಡ್ದನ, ಎಂದರೆ ತುಳುವಿನ ಹಾಡುಗತೆ, ಕೇಳಿದವರಿಗೆ ಇದು ತಿಳಿದಿದೆ. ಕಾರ್ಕಳದಲ್ಲಿ 1432ರಲ್ಲಿ ನಿಂತ ಗೊಮ್ಮಟನನ್ನು ಕೆತ್ತಿದ ಶಿಲ್ಪಿ ಅವನೇ ಎಂದೂ, ಅಂತಹ ಕೆಲಸ ಇನ್ನೆಲ್ಲಿಯೂ ಆಗಬಾರದೆಂದು ಅರಸನು ಅವನ ಒಂದು ಕೈಯನ್ನೂ ಒಂದು ಕಾಲನ್ನೂ ಕಡಿಸಿದನೆಂದೂ, ಅಣ್ಣನಿಗಾದ ಅನ್ಯಾಯಕ್ಕೆ ತಂಗಿ ಕಲ್ಲುರ್ಟಿ ಉತ್ತರ ಕೇಳಿದಳೆಂದೂ ನಮ್ಮ ನಂಬಿಕೆ. ಅನ್ಯಾಯಕ್ಕೆ ಸಿಕ್ಕವರು ದೈವವಾದ ಮೇಲೆ ಇಡೀ ಗ್ರಾಮಕ್ಕೆ ಸೇರಿದವರಾಗುತ್ತಾರೆ, ಒಬ್ಬ ಹುಡುಗಿಯ ಪ್ರಿಯಕರನಾಗಿ ಕುಗ್ಗಲಾರರು. ಅಷ್ಟಲ್ಲದೆ, ದೈವದ ನುಡಿಯನ್ನು ಕಟ್ಟುವವರು ಪಂಬದ, ಪರವ, ನಲಿಕೆ ಸಮುದಾಯಗಳ ಕಲಾವಿದರು. ಅವರು ವ್ರತ ಹಿಡಿದು ಆಡುವ ಮಾತನ್ನು ನಾವು ಅಧ್ಯಾಯದ ಕೊನೆಯ ರೋಮಾಂಚನಕ್ಕೆ ಬಳಸಿಕೊಂಡರೆ ಅದು ಎರವಲೂ ಅಲ್ಲ, ಕಳವು.

ಕುಲೆಯ, ಎಂದರೆ ತೀರಿಕೊಂಡವರ ಪ್ರೇತದ, ವಿಷಯ ಬೇರೆ. ಕುಲೆ ಮನೆಯ ಮನುಷ್ಯ. ನಿಮ್ಮ ಕಥೆ ಅಲ್ಲಿರಬಹುದೆಂದು ನನಗೆ ಅನಿಸುತ್ತದೆ. ಆ ಬಗ್ಗೆ ಕದ್ರಿಗುಡ್ಡೆ ಮೇಡಂ ನನಗಿಂತ ಚೆನ್ನಾಗಿ ಹೇಳಿಯಾರು.


ದಕ್ಕೆಬದಿ, ಮಲ್ಪೆ – ಸೋಮವಾರ, ಮಧ್ಯಾಹ್ನ 1.30

ದೈವದ ಆಲೋಚನೆಯನ್ನು ಕೈಬಿಟ್ಟೆ, ಬೆಳ್ಮಣ್ಣಿನ ಅಣ್ಣನವರೆ. ಮನಸ್ಸು ಓದುವುದನ್ನೂ ತೆಗೆದಾಯಿತು, ಒಟ್ಟು ನಾಲ್ಕು ಅಧ್ಯಾಯಗಳು ಅದರೊಂದಿಗೆ ಹೋದವು. ನಮ್ಮ ಅಜ್ಜಿಯ ಮನೆಯಲ್ಲಿ ಮಳೆಗಾಲದ ಆಟಿ ತಿಂಗಳಿನಲ್ಲಿ ಕುಲೆಗಳಿಗೆ ಬಡಿಸುವುದನ್ನು ಚಿಕ್ಕಂದಿನಲ್ಲಿ ನೋಡಿದ್ದೇನೆ, ಆದರೆ ಅದರಿಂದ ಪ್ರೇಮಕಥೆಯ ನಾಯಕ ಹೇಗೆ ಹುಟ್ಟುತ್ತಾನೆಂದು ತೋಚುತ್ತಿಲ್ಲ.


ಕದ್ರಿಗುಡ್ಡೆ – ಸೋಮವಾರ, ರಾತ್ರಿ 10.20

ಜಾನಪದ ಪಾಠ ಮಾಡುವವಳಾದ್ದರಿಂದ ಉತ್ತರ ಉದ್ದವಾಗುತ್ತದೆ, ಕ್ಷಮಿಸಿ.

ಬೆಳ್ಮಣ್ಣಿನವರು ಹೇಳಿದ ‘ಮನೆಯ ಮನುಷ್ಯ’ ಎಂಬ ಮಾತನ್ನು ಹಿಡಿದುಕೊಳ್ಳಿ. ಪಶ್ಚಿಮದ ಪ್ರೇತನಾಯಕನು ಸಾಮಾನ್ಯವಾಗಿ ಒಂಟಿ. ಅವನ ಕುಟುಂಬ ಎಂದೋ ಅಳಿದಿದೆ, ಒಂಟಿತನವೇ ಅವನ ಆಕರ್ಷಣೆ. ತುಳುನಾಡಿನ ಕುಲೆಗೆ ಒಂಟಿತನದ ಸೌಕರ್ಯವಿಲ್ಲ. ಅವನಿಗೆ ತಾಯಿಯಿದ್ದಾಳೆ, ಸೋದರಮಾವನಿದ್ದಾನೆ, ಗೋತ್ರದಂತಹ ಬರಿಯಿದೆ. ಆಟಿಯಲ್ಲಿ, ಕೆಲವು ಕಡೆ ದೀಪಾವಳಿಯಲ್ಲಿಯೂ, ಅವನ ಹೆಸರಿನಲ್ಲಿ ಎಲೆ ಹಾಕುತ್ತಾರೆ. ಬಡಿಸಿ ಬಾಗಿಲು ಮುಚ್ಚಿ ಸ್ವಲ್ಪ ಹೊತ್ತು ಹೊರಗೆ ನಿಲ್ಲುವ ಪದ್ಧತಿ ಹಲವು ಮನೆಗಳಲ್ಲಿದೆ. ಸತ್ತ ಮಾತ್ರಕ್ಕೆ ಅವನು ಮನೆಯ ಲೆಕ್ಕದಿಂದ ಹೊರಗೆ ಹೋಗಿಲ್ಲ.

ಇದಕ್ಕಿಂತ ಮುಖ್ಯವಾದದ್ದು ಕುಲೆ ಮದಿಮೆ. ಮದುವೆಯಾಗದೆ ತೀರಿಕೊಂಡ ಮಕ್ಕಳಿಗೆ ಕಾಲಾನಂತರ ಮದುವೆ ಮಾಡಿಸುವ ಈ ಪದ್ಧತಿ ದಕ್ಷಿಣ ಕನ್ನಡದಲ್ಲಿ ಇಂದಿಗೂ ಇದೆ. 2024ರ ಮೇ ತಿಂಗಳಿನಲ್ಲಿ ಪುತ್ತೂರು ಕಡೆಯ ಕುಟುಂಬವೊಂದು ಸುಮಾರು ಮೂವತ್ತು ವರ್ಷಗಳ ಹಿಂದೆ ತೀರಿಕೊಂಡ ಹೆಣ್ಣುಮಗುವಿಗೆ ವರ ಬೇಕೆಂದು ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟದ್ದು ದೇಶವಿಡೀ ಸುದ್ದಿಯಾಯಿತು. ಹೊರಗಿನವರು ನಕ್ಕರು. ಆದರೆ ಕಾದಂಬರಿ ಬರೆಯುವವರು ಆ ಜಾಹೀರಾತಿನೊಳಗಿನ ತರ್ಕವನ್ನು ಗಮನಿಸಬೇಕು. ಕೂಸಾಗಿ ಹೋದವಳಿಗೆ ಮೂವತ್ತು ವರ್ಷಗಳ ಬಳಿಕ ವರ ಹುಡುಕುತ್ತಾರೆಂದರೆ, ಆ ಕಡೆಯಲ್ಲಿಯೂ ಮಗು ಬೆಳೆಯುತ್ತದೆ, ಪ್ರಾಯಕ್ಕೆ ಬರುತ್ತದೆ, ಅದಕ್ಕೂ ಆಸೆಗಳಿರುತ್ತವೆ ಎಂದಾಯಿತು.

ನೂರೈವತ್ತು ವರ್ಷದವನು ಇಪ್ಪತ್ತನಾಲ್ಕರ ಹುಡುಗಿಯನ್ನು ಪ್ರೀತಿಸುವ ಮುಜುಗರ ಈ ಪ್ರಕಾರಕ್ಕೆ ಅಂಟಿದ ಹಳೆಯ ರೋಗ. ನಮ್ಮ ನಂಬಿಕೆಯ ಪ್ರೇತಕ್ಕೆ ವಯಸ್ಸಾಗುತ್ತದೆ. ನಿಮ್ಮ ನಾಯಕಿಗೂ ಅವನಿಗೂ ಒಂದೆರಡು ವರ್ಷಗಳ ಅಂತರ ಮಾತ್ರ ಇರಬಹುದು, ಇಬ್ಬರೂ ಒಂದೇ ಶಾಲೆಯ ಒಂದೇ ಬೆಂಚಿನಲ್ಲಿ ಕುಳಿತಿದ್ದಿರಬಹುದು. ಅವನು ಬೆಳೆದಿದ್ದಾನೆ ಆದರೆ ಯಾರೂ ಅವನು ಬೆಳೆಯುವುದನ್ನು ಕಂಡಿಲ್ಲ. ಇಲ್ಲಿಂದ ಪಾತ್ರ ಕಟ್ಟಲು ಆರಂಭಿಸಿದರೆ ಪಶ್ಚಿಮದ ಪ್ರೇತನಾಯಕರ ಬೂದುಬಣ್ಣದ ಕಣ್ಣು ಬೇಕಾಗುವುದಿಲ್ಲ.

ಅಡ್ಡಿಗಳೂ ಇಲ್ಲೇ ಸಿದ್ಧವಾಗಿವೆ. ಕುಲೆ ಮದಿಮೆಗೂ ಜಾತಿ, ಬರಿ ನೋಡುತ್ತಾರೆ. ಒಂದೇ ಬರಿಯವರು ಅಣ್ಣ ತಂಗಿಯರೆಂದಾಗುವುದರಿಂದ ಆ ಸಂಬಂಧ ಕೂಡದು. ವಧು ವರನಿಗಿಂತ ದೊಡ್ಡವಳೆಂದು ಮಾತುಕತೆ ಮುರಿದದ್ದೂ ಉಂಟು. ಇದಕ್ಕೆ ಹೆಚ್ಚಾಗಿ ಆರಿಸಿಕೊಳ್ಳುವುದು ಆಟಿಯನ್ನು, ಎಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ತಿಂಗಳನ್ನು. ಬದುಕಿರುವವರ ಮದುವೆಗೆ ಆಟಿ ನಿಷಿದ್ಧ, ಹೊಸ ಮದುಮಗಳು ಕೂಡ ಗಂಡನನ್ನು ಬಿಟ್ಟು ತವರಿಗೆ ಬಂದು ಆಟಿ ಕೂರುತ್ತಾಳೆ. ಜೀವಂತ ಜೋಡಿಗಳು ಅಗಲಿರುವ ತಿಂಗಳಿನಲ್ಲಿ ಸತ್ತವರಿಗೆ ಮದುವೆ! ಇಷ್ಟು ಒಳ್ಳೆಯ ವ್ಯಂಗ್ಯವನ್ನು ಯಾವ ಲೇಖಕರೂ ಕಲ್ಪಿಸಿಕೊಳ್ಳಲಾರರು.

ನಾಯಕಿಗೆ ಮಾದರಿ ಬೇಕಿದ್ದರೆ ಸಿರಿಯ ಕಡೆ ನೋಡಿ. ಗೋಪಾಲ ನಾಯ್ಕರು ಹಾಡಿದ ಸಿರಿ ಪಾಡ್ದನವನ್ನು ಫಿನ್ಲೆಂಡಿನ ವಿದ್ವಾಂಸ ಲೌರಿ ಹೋಂಕೊ ತಂಡದೊಂದಿಗೆ ದಾಖಲಿಸಿ 1998ರಲ್ಲಿ ಪ್ರಕಟಿಸಿದಾಗ ಅದು 15,683 ಸಾಲುಗಳಾಯಿತು. ತನಗೆಂದು ತಂದ ಸೀರೆಯನ್ನು ಗಂಡ ಕಾಂತು ಪೂಂಜ ಮೊದಲು ಇನ್ನೊಬ್ಬಳಿಗೆ ಉಡಲು ಕೊಟ್ಟನೆಂದು ತಿಳಿದು ಸಿರಿ ಆ ಸೀರೆಯನ್ನು ಒಲ್ಲೆನೆನ್ನುತ್ತಾಳೆ. ಕೊನೆಗೆ ಅವನಿಗೆ ಬರ ಕೊಟ್ಟು, ಎಂದರೆ ವಿಚ್ಛೇದನ ಕೊಟ್ಟು, ಮಗುವಿನೊಂದಿಗೆ ಹೊರನಡೆಯುತ್ತಾಳೆ, ಮತ್ತೆ ಮದುವೆಯೂ ಆಗುತ್ತಾಳೆ. ಅವಳ ಕಥೆಯನ್ನು ಎತ್ತಿಕೊಳ್ಳಿ ಎನ್ನುತ್ತಿಲ್ಲ, ಸಿರಿಯೂ ಆರಾಧನೆಗೆ ಸೇರಿದವಳೇ. ಆದರೆ ಒಂದು ಸೀರೆಯ ಮೇಲೆ ತನ್ನ ಇಡೀ ಮಾನವನ್ನು ನಿಲ್ಲಿಸಬಲ್ಲ ಹೆಣ್ಣನ್ನು ಹಾಡಿದ ನಾಡಿನಲ್ಲಿ ನಿಮ್ಮ ನಾಯಕಿ ನಾಚುತ್ತಾ ನಿಲ್ಲಬೇಕಾಗಿಲ್ಲ.


ಜೆಪ್ಪು ಹಂಚಿನಮನೆ – ಮಂಗಳವಾರ, ಬೆಳಿಗ್ಗೆ 6.50

ನಾನು ಐದು ವರ್ಷಗಳಿಂದ ಪ್ರತಿಲಿಪಿಯಂತಹ ಓದುವ ಆ್ಯಪ್‌ಗಳಲ್ಲಿ ಇದೇ ಪ್ರಕಾರದ ಧಾರಾವಾಹಿಗಳನ್ನು ಬರೆಯುತ್ತಿದ್ದೇನೆ. ಮೇಲಿನವರು ಆತ್ಮದ ವಿಷಯ ಹೇಳಿದರು, ನಾನು ಅಡುಗೆಮನೆಯ ವಿಷಯ ಹೇಳುತ್ತೇನೆ.

ಸರಣಿಗೆ ಒಂದು ದಪ್ಪ ನೋಟ್‌ಬುಕ್ ಬೇಕೇ ಬೇಕು. ನನ್ನ ಮೊದಲ ಸರಣಿಯಲ್ಲಿ ಅದಿರಲಿಲ್ಲ. ಎಂಟನೆಯ ಕಂತಿನಲ್ಲಿ ಒಂದು ಲೋಟವನ್ನು ಎತ್ತಲಾರದೆ ಅತ್ತ ಪ್ರೇತ, ಮೂವತ್ತೊಂದನೆಯ ಕಂತಿನಲ್ಲಿ ಗೇಟಿನ ಚಿಲಕ ತೆಗೆದು ನಾಯಕಿಯನ್ನು ಕಾಪಾಡಿತು. ಹೇಗೆ ಎಂದು ಓದುಗರು ಕೇಳಿದರು, ಪ್ರೀತಿಯ ಬಲದಿಂದ ಎಂದು ಬರೆದೆ. ಆ ಉತ್ತರಕ್ಕೆ ಸಿಕ್ಕಿದ ನಗುವನ್ನು ಇನ್ನೂ ಮರೆತಿಲ್ಲ. ಪ್ರೇತ ಏನನ್ನು ಮುಟ್ಟಬಲ್ಲದು, ಯಾರಿಗೆ ಕಾಣುತ್ತದೆ, ಎಲ್ಲಿಯವರೆಗೆ ಹೋಗಬಲ್ಲದು, ಮಳೆಯಲ್ಲಿ ನೆನೆಯುತ್ತದೆಯೇ, ಹಸಿವಾಗುತ್ತದೆಯೇ ಎಂಬುದನ್ನೆಲ್ಲ ಬರೆಯುವ ಮೊದಲೇ ತೀರ್ಮಾನಿಸಿ. ಮುಟ್ಟುವ ವಿಷಯದಲ್ಲಂತೂ ಜಿಪುಣತನ ಇರಲಿ. ಪ್ರಣಯ ಕಾದಂಬರಿಯಲ್ಲಿ ಒಂದು ಕೈ ಇನ್ನೊಂದು ಕೈಯನ್ನು ಮುಟ್ಟುವುದಕ್ಕೆ ಹನ್ನೆರಡು ಅಧ್ಯಾಯ ಕಾಯಿಸಬಲ್ಲ ಕಾರಣ ನಿಮ್ಮ ಬಳಿ ಸಹಜವಾಗಿಯೇ ಇದೆ, ಅದನ್ನು ಮೂರನೆಯ ಅಧ್ಯಾಯದಲ್ಲಿ ಖರ್ಚು ಮಾಡಬೇಡಿ.

ಜೋಡಿಯ ಪ್ರಶ್ನೆಗೆ ನನ್ನ ಉತ್ತರ: ಒಂದು ಭಾಗಕ್ಕೆ ಒಂದು ಜೋಡಿ. ನಾಲ್ಕು ಭಾಗಗಳಲ್ಲೂ ಅದೇ ಇಬ್ಬರಾದರೆ ಎರಡನೆಯದರಲ್ಲಿ ಅವರನ್ನು ಜಗಳವಾಡಿಸಬೇಕು, ಮೂರನೆಯದರಲ್ಲಿ ಒಬ್ಬರ ನೆನಪು ಅಳಿಸಬೇಕು. ಆ ಹೊತ್ತಿಗೆ ಓದುಗರಿಗೆ ಇಬ್ಬರ ಮೇಲೂ ಬೇಸರ ಬಂದಿರುತ್ತದೆ. ಬದಲಿಗೆ ಒಂದು ಮನೆಯನ್ನೋ ಕೇರಿಯನ್ನೋ ಸರಣಿಯ ಬೆನ್ನೆಲುಬು ಮಾಡಿಕೊಳ್ಳಿ. ಮೊದಲ ಭಾಗದಲ್ಲಿ ಬಾಗಿಲ ಬಳಿ ಸುಮ್ಮನೆ ನಿಂತು ಎರಡೇ ಮಾತಾಡಿದ ಪಾತ್ರವು ಎರಡನೆಯ ಭಾಗದ ನಾಯಕಿಯಾದಾಗ ಓದುಗರಿಗೆ ಸಿಗುವ ಸಂತೋಷ ದೊಡ್ಡದು. ಅಂತಹವರ ಎರಡು ಮಾತುಗಳನ್ನು ಈಗಲೇ ಎಚ್ಚರದಿಂದ ಬರೆದಿಡಿ, ಏಕೆಂದರೆ ಪ್ರಕಟವಾದ ಕಂತನ್ನು ಮತ್ತೆ ತಿದ್ದುವುದು ಓದುಗರಿಗೆ ಮಾಡುವ ಮೋಸ.

ನಿಮ್ಮ ಹಂಚಿನ ಕಾರ್ಖಾನೆಯವನನ್ನು ಪೂರ್ತಿ ಕೈಬಿಡಬೇಡಿ. ಮೂರನೆಯ ಭಾಗಕ್ಕೆ ಇಟ್ಟುಕೊಳ್ಳಿ, ಆದರೆ ಅವನ ಮಾತನ್ನು ಕಟ್ಟಿ. ಅವನು ಆ ಕಾಲದ ಮನುಷ್ಯನಾದರೆ ‘ಓಕೆ’, ‘ಟೆನ್ಶನ್’ ಎಂದು ಹೇಳಲಾರ. ನಾನು ಹಳೆಯ ಪಾತ್ರಗಳ ಮಾತಿಗೆ ಮಂಗಳೂರಿನಲ್ಲೇ 1894ರಲ್ಲಿ ಅಚ್ಚಾದ ಕಿಟ್ಟೆಲರ ನಿಘಂಟನ್ನು ಪಕ್ಕದಲ್ಲಿಟ್ಟುಕೊಳ್ಳುತ್ತೇನೆ. ಅದರಲ್ಲಿಲ್ಲದ ಪದ ಅವರ ಬಾಯಿಗೆ ಬರುವ ಮೊದಲು ಎರಡು ಸಲ ಯೋಚಿಸುತ್ತೇನೆ. ಹಳಗನ್ನಡದಂತೆ ಮಾತನಾಡಿಸುವ ಅಗತ್ಯವಿಲ್ಲ, ಅದು ಯಕ್ಷಗಾನದ ಅರ್ಥಗಾರಿಕೆಯಾಗಿಬಿಡುತ್ತದೆ. ಗೊತ್ತಿಲ್ಲದ ವಸ್ತುಗಳಿಗೆ ಅವನು ಏನೆಂದು ಹೆಸರಿಡುತ್ತಾನೆಂಬುದೇ ಸಾಕು.

ತುಳುವಿನ ವಿಷಯ. ನಮ್ಮ ಪಾತ್ರಗಳು ಮನೆಯಲ್ಲಿ ತುಳು ಮಾತನಾಡುವವರು, ಬರೆಯುವುದು ಕನ್ನಡದಲ್ಲಿ. ಎಲ್ಲ ಸಂಭಾಷಣೆಯನ್ನೂ ತುಳುವಿನಲ್ಲಿಟ್ಟರೆ ಘಟ್ಟದ ಮೇಲಿನ ಓದುಗರು ಹೋಗುತ್ತಾರೆ, ಒಂದೂ ಇಲ್ಲದಿದ್ದರೆ ಊರೇ ಹೋಗುತ್ತದೆ. ಕರೆಯುವ ಪದಗಳು, ಬೈಗುಳ, ಮಗುವನ್ನು ಮಲಗಿಸುವ ಮಾತು – ಇಷ್ಟನ್ನು ನಾನು ತುಳುವಿನಲ್ಲೇ ಬಿಡುತ್ತೇನೆ.


ಕರಡು ತಿದ್ದುವ ಅಜ್ಜ, ಮಣಿಪಾಲ – ಮಂಗಳವಾರ, ಬೆಳಿಗ್ಗೆ 8.10

ಒಂದು ಸಣ್ಣ ಸೇರ್ಪಡೆ. ಹಳೆಯ ಮಂಗಳೂರಿನ ಪ್ರೇತವನ್ನು ಮುದ್ರಣಾಲಯದವನಾಗಿ ಮಾಡುವ ಆಸೆ ಯಾರಿಗಾದರೂ ಬಂದರೆ, 1843ರ ‘ಮಂಗಳೂರ ಸಮಾಚಾರ’ ಪತ್ರಿಕೆಗೆ ಅವನು ಅಚ್ಚಿನ ಮೊಳೆ ಜೋಡಿಸಿದನೆಂದು ಬರೆಯಬೇಡಿ. ಅದು ಕಲ್ಲಚ್ಚಿನಲ್ಲಿ ಬಂದ ಪತ್ರಿಕೆ. ಪ್ರೇತವನ್ನು ನಂಬುವ ಓದುಗರೂ ಇಂತಹ ತಪ್ಪನ್ನು ಕ್ಷಮಿಸುವುದಿಲ್ಲ.


ಪಡುಬಿದ್ರಿ ಓದುಗಿ – ಮಂಗಳವಾರ, ಸಂಜೆ 5.30

ನಾನು ಬರೆಯುವವಳಲ್ಲ, ಇಂತಹ ಕಥೆಗಳನ್ನು ಬಸ್ಸಿನಲ್ಲಿ ಹೋಗುವಾಗಲೂ ಬರುವಾಗಲೂ ಓದುವವಳು. ನಾನು ಎಲ್ಲಿ ಓದುವುದನ್ನು ನಿಲ್ಲಿಸುತ್ತೇನೆಂದು ಹೇಳಿದರೆ ಉಪಯೋಗವಾದೀತು.

ನಾಯಕ ಅದೃಶ್ಯನಾಗಿ ಅವಳ ಕೋಣೆಯಲ್ಲಿ ನಿಂತು ಅವಳು ನಿದ್ದೆ ಮಾಡುವುದನ್ನು ನೋಡುವ ದೃಶ್ಯ ಬಂದ ಕೂಡಲೇ ನಿಲ್ಲಿಸುತ್ತೇನೆ. ಬದುಕಿರುವ ಗಂಡಸು ಹಾಗೆ ಮಾಡಿದರೆ ಪೊಲೀಸರಿಗೆ ದೂರು ಕೊಡುತ್ತೇವೆ. ಸತ್ತವನು ಮಾಡಿದರೆ ಪ್ರೇಮ ಹೇಗಾಗುತ್ತದೆ? ಕಾರ್ನಾಡರ ‘ನಾಗಮಂಡಲ’ದಲ್ಲಿ ನಾಗವು ಗಂಡನ ರೂಪದಲ್ಲಿ ರಾಣಿಯ ಬಳಿಗೆ ಬರುತ್ತದೆ, ಬಂದವನು ಯಾರೆಂದು ಅವಳಿಗೆ ತಿಳಿದಿರುವುದಿಲ್ಲ. ಅಲ್ಲಿ ಆ ಅಜ್ಞಾನವೇ ನಾಟಕದ ಮುಳ್ಳು, ನೋಡುವವರಿಗೆ ಅದು ಚುಚ್ಚುತ್ತಲೇ ಇರುತ್ತದೆ. ಅದನ್ನು ಅನುಕರಿಸುವ ಕಥೆಗಳು ಮುಳ್ಳನ್ನು ತೆಗೆದು ಹೂವನ್ನು ಮಾತ್ರ ಇಟ್ಟುಕೊಳ್ಳುತ್ತವೆ. ಅಜ್ಜನವರು ಹೇಳಿದ ಹೊಸ್ತಿಲಿನ ನಿಯಮವನ್ನು ನಾನಾದರೆ ಇಲ್ಲಿಗೆ ತರುತ್ತಿದ್ದೆ. ಅವಳು ಕರೆಯದೆ ಅವನಿಗೆ ಅವಳ ಕೋಣೆ ಕಾಣುವುದೇ ಇಲ್ಲ, ಕರೆದವಳು ಹೋಗು ಎಂದರೆ ಆ ಕ್ಷಣವೇ ಅವನು ಹೊರಗಿರುತ್ತಾನೆ. ನಾವು ಚಿಕ್ಕವರಿದ್ದಾಗ ದೊಡ್ಡವರು ಹೇಳುತ್ತಿದ್ದ, ಬಾಗಿಲಿನ ಮೇಲೆ ‘ನಾಳೆ ಬಾ’ ಎಂದು ಬರೆದರೆ ಓದಿ ಹಿಂದಿರುಗುವ ಆ ಪ್ರೇತ ಎಷ್ಟು ಮರ್ಯಾದಸ್ಥವಾಗಿತ್ತು!

ಎರಡನೆಯದು, ಅವಳಿಗೆ ಕೆಲಸ ಬೇಕು, ಸಂಬಳ ಬೇಕು, ತಿಂಗಳ ಕೊನೆಯ ತಾಪತ್ರಯ ಬೇಕು. ಮೂರನೆಯದು, ಅವನೊಂದಿಗೆ ಇರುವುದಕ್ಕಾಗಿ ಅವಳು ಕೊನೆಗೆ ಸಾಯುವ ಕಥೆಯನ್ನು ಯಾವ ಕಾರಣಕ್ಕೂ ಬರೆಯಬೇಡಿ. ಅದನ್ನು ಸುಖಾಂತ್ಯವೆಂದು ನನ್ನ ತಂಗಿ ಓದುವುದು ನನಗೆ ಬೇಡ.


ಕರಡು ತಿದ್ದುವ ಅಜ್ಜ, ಮಣಿಪಾಲ – ಮಂಗಳವಾರ, ರಾತ್ರಿ 9.00

ಈ ಹುಡುಗಿಯ ಮೂರನೆಯ ಮಾತಿಗೆ ನನ್ನ ಪೂರ್ಣ ಒಪ್ಪಿಗೆಯಿದೆ. ಆದರೆ ಅಲ್ಲಿಗೆ ನಮ್ಮ ಮುಖ್ಯ ತೊಡಕು ಹೊರಬಂತು. ಅವಳು ಸಾಯುವಂತಿಲ್ಲ, ಅವನು ಬದುಕಿ ಎದ್ದರೆ ಅದು ಮೋಸ, ಇಬ್ಬರೂ ಅಗಲಿದರೆ ಪ್ರಕಾರದ ಕರಾರು ಮುರಿಯುತ್ತದೆ. ಉಳಿದಿರುವುದು ಒಂದೇ ದಾರಿ, ಇದ್ದ ಹಾಗೆಯೇ ಜೊತೆಯಾಗಿ ಬದುಕುವುದು. ಚಿರಯೌವನದ ಪ್ರೇತವಾದರೆ ಅವಳು ಮುದುಕಿಯಾಗುತ್ತಾಳೆ, ಅವನು ಹುಡುಗನಾಗಿಯೇ ಇರುತ್ತಾನೆ, ಅದು ಭರವಸೆಯಲ್ಲ. ಕದ್ರಿಗುಡ್ಡೆಯವರು ಹೇಳಿದ ಬೆಳೆಯುವ ಕುಲೆಗೆ ಮಾತ್ರ ಇದರಿಂದ ಬಿಡುಗಡೆಯಿದೆ. ಅವನಿಗೂ ಮಂಡಿನೋವು ಬರಬಹುದು.


ಬೆಳ್ಮಣ್ಣಿನವ – ಮಂಗಳವಾರ, ರಾತ್ರಿ 9.45

ಅಷ್ಟು ಸುಲಭವಾಗಿ ಬಿಡಬೇಡಿ, ಅಜ್ಜನವರೆ. ಕುಲೆ ಮದಿಮೆ ಎಂದರೆ ಸತ್ತವರಿಗೆ ಸತ್ತವರೊಂದಿಗೆ ಮದುವೆ. ಬದುಕಿರುವ ಹುಡುಗಿಗೂ ಕುಲೆಗೂ ಸಂಬಂಧವೆಂಬುದು ನಮ್ಮ ಪದ್ಧತಿಯಲ್ಲಿಲ್ಲ. ಮನೆಯಲ್ಲಿ ಹಾಗೊಂದು ಸುದ್ದಿ ಬಂದರೆ ಹಿರಿಯರು ಜ್ಯೋತಿಷ್ಯ ಹೇಳುವ ಬಲ್ಯಾಯರನ್ನು ಕರೆಸಿ ಪ್ರಶ್ನೆ ಇಡಿಸುತ್ತಾರೆ, ಹುಡುಗಿಗೆ ನೂಲು ಕಟ್ಟಿಸುತ್ತಾರೆ. ಆದ್ದರಿಂದ ಕಥೆ ಪದ್ಧತಿಯನ್ನು ಮೀರುತ್ತಿದೆ ಎಂಬುದು ಕಥೆಗೂ ಗೊತ್ತಿರಬೇಕು, ಅದಕ್ಕೆ ಯಾರಾದರೂ ಬೆಲೆ ತೆರಬೇಕು. ಹಾಗೆಂದು ವಿರೋಧಿಸುವ ಹಿರಿಯರನ್ನು ಖಳರನ್ನಾಗಿ ಮಾಡಬೇಡಿ. ಮಗಳು ನೀರಿನ ಬದಿಯಲ್ಲಿ ಒಬ್ಬಳೇ ಮಾತನಾಡುವುದನ್ನು ಕಂಡ ತಾಯಿ ಹೆದರಿದರೆ ಅದು ದುಷ್ಟತನವಲ್ಲ.


ದಕ್ಕೆಬದಿ, ಮಲ್ಪೆ – ಬುಧವಾರ, ರಾತ್ರಿ 11.30

ನಿನ್ನೆಯೂ ಇವತ್ತೂ ಕುಳಿತು ಹೊಸದಾಗಿ ಕಟ್ಟಿದ್ದನ್ನು ಇಲ್ಲಿಡುತ್ತಿದ್ದೇನೆ.

ನಾಯಕಿ ಮಲ್ಪೆಯ ಐಸ್ ಪ್ಲಾಂಟ್ ಒಂದರಲ್ಲಿ ಲೆಕ್ಕ ಬರೆಯುವವಳು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳು ಕಡಲಿಗಿಳಿಯುವಂತಿಲ್ಲದ್ದರಿಂದ ಐಸಿಗೆ ಗಿರಾಕಿಗಳಿಲ್ಲ, ಅವಳಿಗೆ ಅರ್ಧ ಸಂಬಳ. ಉಳಿದ ಹತ್ತು ತಿಂಗಳು ತಲೆಯೆತ್ತಲು ಪುರುಸೊತ್ತಿಲ್ಲದವಳಿಗೆ ಆ ಎರಡು ತಿಂಗಳು ನದಿಯ ಬದಿಯಲ್ಲಿ ಕೂರುವಷ್ಟು ಸಮಯವಿರುತ್ತದೆ. ಆಟಿ ಅರ್ಧವಾಗುವಾಗ ಬೋಟುಗಳು ಮತ್ತೆ ಹೊರಡುತ್ತವೆ. ಹೀಗಾಗಿ ಮೊದಲ ಭಾಗದಲ್ಲಿ ಅವಳ ಬಿಡುವಿಗೆ ಸಿಗುವುದು ಎರಡು ವಾರಗಳ ಆಟಿ ಮಾತ್ರ. ಈ ಇಕ್ಕಟ್ಟು ನನಗೆ ಇಷ್ಟವಾಯಿತು.

ನಾಯಕ ಏಳು ವರ್ಷದವನಾಗಿದ್ದಾಗ ಉದ್ಯಾವರ ಹೊಳೆಯಲ್ಲಿ ಮುಳುಗಿದವನು. ಅವಳಿಗಿಂತ ಎರಡು ವರ್ಷ ದೊಡ್ಡವನು, ಈಗ ಅವನಿಗೆ ಇಪ್ಪತ್ತಾರು. ಭರತದ ನೀರು ಹೊಳೆಯೊಳಗೆ ಏರುವಷ್ಟು ಹೊತ್ತು ಮಾತ್ರ ದಡಕ್ಕೆ ಬರಬಲ್ಲ, ಇಳಿತ ಆರಂಭವಾದರೆ ಮಾತಿನ ನಡುವೆಯೇ ಹೊರಡಬೇಕು. ಭರತದ ಹೊತ್ತು ದಿನವೂ ಸುಮಾರು ಮುಕ್ಕಾಲು ಗಂಟೆ ಮುಂದಕ್ಕೆ ಹೋಗುವುದರಿಂದ ಅವರು ಭೇಟಿಯಾಗುವ ಸಮಯವೂ ಸರಿಯುತ್ತಾ ಹೋಗುತ್ತದೆ. ಅವನು ಬೆಳೆದಿದ್ದಾನೆ, ಆದರೆ ಶಾಲೆ ಎರಡನೆಯ ಇಯತ್ತೆಗೇ ನಿಂತುಹೋಯಿತು. ಅಕ್ಷರಗಳನ್ನು ಕೂಡಿಸಿ ಕೂಡಿಸಿ ಓದುತ್ತಾನೆ, ಅವಳು ಹಳೆಯ ಲೆಕ್ಕದ ಪುಸ್ತಕದಲ್ಲಿ ಅವನಿಗೆ ಒತ್ತಕ್ಷರ ಕಲಿಸುತ್ತಾಳೆ.

ಇನ್ನು ಕಥೆಯ ಗಂಟು. ಅವನ ತಮ್ಮನಿಗೆ ಎಷ್ಟು ಹುಡುಕಿದರೂ ಹೆಣ್ಣು ಸಿಗುತ್ತಿಲ್ಲ. ಪ್ರಶ್ನೆಯಲ್ಲಿ ಕಂಡದ್ದು, ದೊಡ್ಡ ಮಗನಿಗೆ ಮದುವೆಯಾಗದೆ ಚಿಕ್ಕವನಿಗೆ ಆಗುವುದಿಲ್ಲ ಎಂದು. ಹೀಗಾಗಿ ಮನೆಯವರು ಸತ್ತ ಮಗನಿಗೆ ಸತ್ತ ಹುಡುಗಿಯೊಬ್ಬಳನ್ನು ನೋಡಿ ನಿಶ್ಚಯ ಮಾಡಿದ್ದಾರೆ, ಆಟಿಯ ಕೊನೆಯ ವಾರ ಮದುವೆ. ಆ ಹುಡುಗಿಯನ್ನು ಯಾರೂ ಕೇಳಿಲ್ಲ. ಅವಳು ಮೊದಲ ಭಾಗದಲ್ಲಿ ಒಂದೇ ಒಂದು ಸಲ ಬಂದು ಎರಡು ಮಾತಾಡಿ ಹೋಗುತ್ತಾಳೆ. ಎರಡನೆಯ ಭಾಗದ ನಾಯಕಿ ಅವಳೇ.

ಪರೀಕ್ಷೆಗಾಗಿ ಒಂದು ತುಣುಕು:

“ಅಮ್ಮ ಈ ವರ್ಷವೂ ಚಿಕ್ಕ ಎಲೆಯನ್ನೇ ಹಾಕಿದ್ದರು. ಅರಶಿನ ಎಲೆಯ ಗಟ್ಟಿ ಒಂದು, ಒಂದು ಚೂರು ಬೆಲ್ಲ, ಖಾರ ಹಾಕದೆ ಬೇರೆಯಾಗಿ ತೆಗೆದಿಟ್ಟ ಮೀನುಸಾರು. ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ನಿಂತರು. ಅವನು ಎಲೆಯ ಮುಂದೆ ಕುಳಿತ. ಕಾಲು ಮಡಚಿದರೆ ಮಂಡಿ ಎಲೆಯನ್ನು ದಾಟಿ ಆಚೆ ಹೋಗುತ್ತಿತ್ತು. ಮುಚ್ಚಿದ ಬಾಗಿಲಿನಾಚೆಯಿಂದ ಅಮ್ಮ ಯಾವಾಗಲೂ ಹೇಳುವಂತೆ ಮೆಲ್ಲಗೆ ಹೇಳಿದರು: ಮಗಾ, ಮುಳ್ಳುಂಟು, ನೋಡಿ ತಿನ್ನು.”


ಪಡುಬಿದ್ರಿ ಓದುಗಿ – ಗುರುವಾರ, ಬೆಳಿಗ್ಗೆ 8.20

ಬಸ್ಸಿನಲ್ಲಿ ಓದಿದೆ. ನನ್ನ ಸ್ಟಾಪ್ ದಾಟಿಹೋಯಿತು.


ಕರಡು ತಿದ್ದುವ ಅಜ್ಜ, ಮಣಿಪಾಲ – ಗುರುವಾರ, ಬೆಳಿಗ್ಗೆ 9.00

ತುಣುಕಿನಲ್ಲಿ ‘ಒಂದು’ ಎಂಬುದು ಎರಡು ಸಲ ಅಂಟಿಕೊಂಡು ಬಂದಿದೆ, ಒಂದನ್ನು ತೆಗೆಯಿರಿ. ಉಳಿದದ್ದನ್ನು ನಾನು ಮುಟ್ಟುವುದಿಲ್ಲ.


ಬೆಳ್ಮಣ್ಣಿನವ – ಗುರುವಾರ, ಬೆಳಿಗ್ಗೆ 9.35

ಮುಂದಕ್ಕೆ ಬರೆಯುವ ಮೊದಲು ನಿಮ್ಮ ನಾಯಕಿಯ ಬರಿ ಯಾವುದು, ಆ ಸತ್ತ ಹುಡುಗಿಯ ಬರಿ ಯಾವುದು ಎಂದು ನಿಶ್ಚಯಿಸಿಕೊಳ್ಳಿ. ನಮ್ಮಲ್ಲಿ ಬರಿ ತಾಯಿಯ ಕಡೆಯಿಂದ ಬರುತ್ತದೆ. ಇಬ್ಬರದೂ ಒಂದೇ ಆದರೆ ಅವರು ಅಕ್ಕತಂಗಿಯರು, ಮದುವೆಯ ದಿನ ವಧುವಿನ ಕಡೆಯವಳಾಗಿ ನಿಮ್ಮ ನಾಯಕಿಯೇ ಸೀರೆ ಹಿಡಿದುಕೊಂಡು ನಿಲ್ಲಬೇಕಾಗಬಹುದು.